ಈರಪ್ಪ ಮಾಸ್ತರರ ಮನೆಯ ಮೂವರು

ಯಾರ್ಡಿಗೆ ಹೊಸಬರು ಬಂದರೆ ಈರಪ್ಪ ಮಾಸ್ತರರು ಮೊದಲು ಅವರ ಬೂಟು ನೋಡುತ್ತಿದ್ದರು. ಲೇಸು ಬಿಗಿಯಾಗಿದೆ ಎಂದು ಖಾತ್ರಿಯಾದ ಮೇಲಷ್ಟೇ ಮುಖ ನೋಡಿ, "ನಮ್ಮ ಮನ್ಯಾಗ ಮೂರು ಮಂದಿ ಹೆಣ್ಮಕ್ಕಳದಾರ. ಯಾರಿಗೂ ಅಡ್ಡ ನಿಂದ್ರಬ್ಯಾಡ್ರಿ. ಮೂವರೂ ನಿಂತು ಮಾತಾಡ್ಸೋರಲ್ಲ," ಎನ್ನುತ್ತಿದ್ದರು. ಹೊಸಬ ಅದನ್ನು ಅವರ ಸಂಸಾರದ ವಿಷಯ ಎಂದುಕೊಂಡು ಮುಜುಗರದಿಂದ ನಗುತ್ತಿದ್ದ. ಅಷ್ಟರಲ್ಲಿ ಅವನ ಬೆನ್ನ ಹಿಂದಿನ ಹಳಿಯ ಮೇಲೆ ವ್ಯಾಗನ್‌ಗಳ ಸಾಲೊಂದು ಸದ್ದಿಲ್ಲದೆ ಉರುಳಿ ಬಂದಿರುತ್ತಿತ್ತು. ಮಾಸ್ತರರು ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದು, "ಈಕಿ ನಮ್ಮ ಆಯಿ," ಎಂದು ಪರಿಚಯ ಮಾಡಿಕೊಡುತ್ತಿದ್ದರು.

ಪ್ರತಿ ಸಲವೂ ಹೀಗೆ ವ್ಯಾಗನ್ ಸರಿಯಾದ ಗಳಿಗೆಗೆ ಬಂದಿರಲು ಸಾಧ್ಯವಿಲ್ಲ. ಬಹುಶಃ ಒಂದೆರಡು ಸಲ ಬಂದಿತ್ತು. ಉಳಿದದ್ದನ್ನು ಹೇಳಿ ಹೇಳಿ ನಾವೇ ಸೇರಿಸಿದೆವು. ನನ್ನ ಮಟ್ಟಿಗೆ ನೆನಪಿರುವುದು ತೋಳಿನ ಮೇಲೆ ಬಿದ್ದ ಹಿಡಿತ. ನೋವಾಗುವಷ್ಟು ಬಿಗಿಯಾಗಿತ್ತು. ಮಾತು ಆಗ ಬಂತೋ ಆಮೇಲೆ ಬಂತೋ ಹೇಳಲಾರೆ.

ಪುಣೆಯ ಅಂಚಿನಲ್ಲಿರುವ ಆ ಯಾರ್ಡಿನ ಹೆಸರು ಇಲ್ಲಿ ಬೇಡ. ನಾನು ಅಲ್ಲಿ ಎಂಜಿನ್ ನಡೆಸುವವನು. ದೂರದ ಊರುಗಳಿಂದ ಬರುವ ಉದ್ದನೆಯ ಗೂಡ್ಸ್ ಗಾಡಿಗಳು ಯಾರ್ಡಿನಲ್ಲಿ ನಿಲ್ಲುತ್ತವೆ. ಅವುಗಳಿಂದ ಬೇಕಾದ ವ್ಯಾಗನ್‌ಗಳನ್ನು ಬಿಡಿಸಿ, ಹತ್ತಿರದ ಡಿಪೋಗೋ ಗೋದಾಮಿಗೋ ಮುಟ್ಟಿಸಿ, ಖಾಲಿಯಾದವನ್ನು ವಾಪಸು ತರುವುದು ನಮ್ಮ ಕೆಲಸ. ಯಾವ ವ್ಯಾಗನ್ ಯಾವ ಹಳಿಗೆ, ಯಾವಾಗ ಹಿಂದೆ, ಯಾವಾಗ ಮುಂದೆ ಎಂದು ಬಾವುಟ ತೋರಿಸಿ, ವಾಕಿಟಾಕಿಯಲ್ಲಿ ಹೇಳಿ ನಡೆಸುವವರು ಶಂಟಿಂಗ್ ಮಾಸ್ತರರು. ನಮ್ಮಲ್ಲಿ ಅದು ಈರಪ್ಪ ಮಮದಾಪೂರ. ಗೋಕಾಕ ಕಡೆಯವರು. ಮಿರಜ್‌ನಲ್ಲಿ ನೌಕರಿ ಶುರುಮಾಡಿ ಪುಣೆಗೆ ವರ್ಗವಾಗಿ ಬಂದವರು.

ಕಾಗದದ ಮೇಲೆ ನಮ್ಮ ಗಾಡಿಗಳಿಗೆ ಇರುವುದು ಒಂದು, ಎರಡು, ಮೂರು ಎಂಬ ನಂಬರು. ಮಾಸ್ತರರ ಬಾಯಲ್ಲಿ ಹಾಗಿರಲಿಲ್ಲ. ಒಂದನೆಯದು ಎಣ್ಣೆ ಡಿಪೋಗೆ ಹೋಗುವ ಟ್ಯಾಂಕರ್‌ಗಳ ಸಾಲು. ಭಾರ ಹೊತ್ತು, ತಿರುವಿನಲ್ಲಿ ನರಳಿಕೊಂಡು, ದಾರಿಯಲ್ಲಿ ಸಿಕ್ಕ ಸಿಗ್ನಲ್ಲಿಗೆಲ್ಲ ನಿಂತು ಹೋಗುವಂಥದ್ದು. ಅದು ಆಯಿ, ನಮ್ಮ ಕಡೆ ಆಯಿ ಎಂದರೆ ಅಜ್ಜಿ. ಎರಡನೆಯದು ಗೋದಿ ಅಕ್ಕಿಯ ಚೀಲಗಳನ್ನು ಧಾನ್ಯದ ಗೋದಾಮಿಗೆ ಒಯ್ಯುವುದು. ಊರಿಗೆ ಉಣ್ಣಿಸುವವಳು, ಆದ್ದರಿಂದ ತಾಯಿ. ಮೂರನೆಯದು ಕೆಟ್ಟುಹೋದ ವ್ಯಾಗನ್‌ಗಳನ್ನು ರಿಪೇರಿಯ ಹಳಿಗೆ ತಲುಪಿಸುವ ಸಣ್ಣ ಗಾಡಿ. ಮನೆಯಲ್ಲಿ ಜಡ್ಡು ಬಿದ್ದವರನ್ನು ನೋಡಿಕೊಳ್ಳುವವಳು ಅಕ್ಕ ಅಲ್ಲದೆ ಇನ್ಯಾರು ಎಂದು ಅದಕ್ಕೆ ಅಕ್ಕ ಎಂದು ಹೆಸರಿಟ್ಟಿದ್ದರು.

ಹೆಸರು ಕೆಲಸಕ್ಕೆ ಸೇರಿದ್ದು, ಎಂಜಿನ್ನಿಗಲ್ಲ. ಇದರಲ್ಲಿ ಅವರು ಬಹಳ ಕಟ್ಟುನಿಟ್ಟು. ಎಂಜಿನ್ನಿಗೆ ಹೆಸರಿಡುವುದೆಂದರೆ ಬಾಡಿಗೆ ಸೈಕಲ್ಲಿಗೆ ಹೆಸರಿಟ್ಟ ಹಾಗೆ, ಇಂದು ಇರುತ್ತದೆ, ನಾಳೆ ಭುಸಾವಳಕ್ಕೆ ಹೋಗುತ್ತದೆ ಎನ್ನುತ್ತಿದ್ದರು. ಬ್ರೇಕು ಹಿಡಿದುಕೊಂಡು ಟ್ಯಾಂಕರ್ ಸಾಲು ನಿಂತರೆ ಆಯಿಗೆ ಮಂಡಿನೋವು. ಧಾನ್ಯ ಬಾರದೆ ಎರಡನೇ ಗಾಡಿ ರದ್ದಾದರೆ ತಾಯಿ ತವರಿಗೆ ಹೋಗಿದ್ದಾಳೆ. ಯಾರಾದರೂ ವಾಕಿಟಾಕಿಯಲ್ಲಿ ನಂಬರು ಹೇಳಿ ಕೇಳಿದರೆ ಉತ್ತರವೇ ಇಲ್ಲ. ಒಮ್ಮೆ ಹೊಸ ಸ್ಟೇಷನ್ ಮಾಸ್ತರರು ಎರಡನೇ ನಂಬರು ಎಲ್ಲಿದೆ ಎಂದು ಕೇಳಿ ಕೇಳಿ ಸೋತು, ಕೊನೆಗೆ ತಗ್ಗಿದ ದನಿಯಲ್ಲಿ "ತಾಯಿ ಎಲ್ಲಿ?" ಎಂದರು. ತಕ್ಷಣ ಜವಾಬು ಬಂತು: "ಇಲ್ಲೇ ಅದಾಳ್ರಿ, ಬಾಗಲದಾಗ." ನಾವೆಲ್ಲ ನಕ್ಕೆವು. ಈಗ ಅದನ್ನು ನೆನೆದರೆ ನಗು ಅಷ್ಟು ಸಲೀಸಾಗಿ ಬರುವುದಿಲ್ಲ.

ಈ ಹೆಸರುಗಳನ್ನು ಅವರೇ ಇಟ್ಟರೋ, ಮಿರಜ್‌ನಿಂದ ಹೊತ್ತು ತಂದರೋ ಎಂಬುದು ನನಗೆ ಗೊತ್ತಿಲ್ಲ. ಒಮ್ಮೆ ತಾವೇ ಇಟ್ಟದ್ದು ಎಂದರು. ಇನ್ನೊಮ್ಮೆ, ಉಗಿ ಎಂಜಿನ್ನಿನ ಕಾಲದ ಒಬ್ಬ ಮುದುಕ ಹೇಳಿಕೊಟ್ಟ ಪದ್ಧತಿ ಎಂದರು. ಮೂರನೆಯ ಸಲ ಕೇಳಿದಾಗ, "ನಿಮ್ಮ ಹೆಸರು ಯಾರಿಟ್ರು, ನಿಮಗ ನೆನಪೈತೇನು?" ಎಂದು ನನ್ನನ್ನೇ ಕೇಳಿದರು. ಜಂಬದ ಮನುಷ್ಯ. ಬೇಸಿಗೆಯಲ್ಲೂ ಉಣ್ಣೆಯ ಟೋಪಿ ಹಾಕುತ್ತಿದ್ದರು. ಬಾವುಟವನ್ನು ಬೇರೆಯವರು ಮುಟ್ಟಿದರೆ ಅಂದು ಇಡೀ ದಿನ ಮಾತಿಲ್ಲ. ಅವರ ಮರಾಠಿ ಗಡಿಯ ಮರಾಠಿ. ಪುಣೆಯವರು ನಕ್ಕರೆ, ತಮ್ಮದೇ ಅಸಲಿ ಎಂದು ವಾದಿಸುತ್ತಿದ್ದರು. ಎರಡೂ ಭಾಷೆಯ ನಡುವೆ ಬೆಳೆದವರಾದ್ದರಿಂದ ಒಂದು ಚೇಷ್ಟೆಯ ಮಾತು ಅವರ ನಾಲಿಗೆಯ ಮೇಲೆ ಸದಾ ಇರುತ್ತಿತ್ತು. ಮರಾಠಿಯಲ್ಲಿ ಆಈ ಎಂದರೆ ತಾಯಿ, ತಾಈ ಎಂದರೆ ಅಕ್ಕ. ಹಾಗಾಗಿ ನಮ್ಮ ಅಜ್ಜಿ ಮರಾಠಿಯವರಿಗೆ ತಾಯಿ, ನಮ್ಮ ತಾಯಿ ಅವರಿಗೆ ಅಕ್ಕ.

"ಗಡಿ ದಾಟಿದ್ರ ನಮ್ಮ ಹೆಣ್ಮಕ್ಕಳು ಸಣ್ಣ ಆಗ್ತಾರ ನೋಡ್ರಿ. ಇನ್ನಷ್ಟ ಮುಂದ ಹೋದ್ರ ತೊಟ್ಟಲದಾಗ ಹಾಕಿ ತೂಗಬೇಕು."

ಅಪಾಯ ಈ ಮಾತಿನೊಳಗೇ ಇತ್ತು, ಯಾರಿಗೂ ಕಾಣಲಿಲ್ಲ. ಕಾಣದಿರಲು ಕಾರಣವೂ ಇತ್ತು. ಯಾರ್ಡಿನ ಹಳೆಯ ಮರಾಠಿ ನೌಕರರಿಗೆ ಆಯಿ, ತಾಯಿ, ಅಕ್ಕ ಎಂಬವು ಬರೀ ಸದ್ದುಗಳು. ಅರ್ಥ ಕೇಳುವ ಗೋಜಿಗೆ ಹೋದವರಿಲ್ಲ. ಕೆಟ್ಟ ವ್ಯಾಗನ್‌ಗಳ ಗಾಡಿಗೆ ಅವರೂ ಅಕ್ಕಾ ಎಂದೇ ಅನ್ನುತ್ತಿದ್ದರು. ಸದ್ದು ಸದ್ದಾಗಿಯೇ ಉಳಿದಷ್ಟು ಕಾಲ ಯಾರಿಗೂ ಏನೂ ಆಗಲಿಲ್ಲ.

ಅರ್ಥ ಕೇಳಿದವನು ಸುಭಾಷ. ಜಳಗಾಂವ್ ಕಡೆಯ ಮನುಷ್ಯ, ನಲವತ್ತು ದಾಟಿದವನು, ಬಹಳ ಕಾಲ ಹಳಿ ದುರಸ್ತಿಯ ಕೆಲಸ ಮಾಡಿ ನಮ್ಮಲ್ಲಿಗೆ ಪಾಯಿಂಟ್ಸ್‌ಮನ್ ಆಗಿ ಬಂದಿದ್ದ. ವ್ಯಾಗನ್‌ಗಳ ಕೊಂಡಿ ಬಿಡಿಸುವುದು, ಜೋಡಿಸುವುದು, ನಡುವಿನ ಹವಾ ಪೈಪು ಕಳಚುವುದು ಅವನ ಕೆಲಸ. ಅರ್ಥ ಕೇಳಿದ್ದಕ್ಕೆ ಮಾಸ್ತರರಿಗೆ ಎಷ್ಟು ಖುಷಿಯಾಯಿತೆಂದರೆ ಚಹಾದಂಗಡಿಗೆ ಕರೆದೊಯ್ದು ಕೂರಿಸಿ ಒಂದೊಂದಾಗಿ ಬಿಡಿಸಿ ಹೇಳಿದರು. ಆಯಿ ಎಂದರೆ ನಿಮ್ಮ ಆಜಿ. ತಾಯಿ ಎಂದರೆ ನಿಮ್ಮ ಆಈ. ಅಕ್ಕ ಎಂದರೆ ನಿಮ್ಮ ತಾಈ. ಸುಭಾಷ ತಲೆಯಾಡಿಸಿ ಅದನ್ನು ತನ್ನ ಭಾಷೆಯಲ್ಲಿ ನೆನಪಿಟ್ಟುಕೊಂಡ. ಅಂದಿನಿಂದ ಕೆಟ್ಟ ವ್ಯಾಗನ್‌ಗಳ ಗಾಡಿ ಅವನ ತಲೆಯಲ್ಲಿ ತಾಈ ಆಯಿತು. ನಾನು ಆ ಚಹಾದಂಗಡಿಯಲ್ಲಿರಲಿಲ್ಲ. ಇಬ್ಬರೂ ಬೇರೆಬೇರೆಯಾಗಿ ಹೇಳಿದ್ದು ಒಂದಕ್ಕೊಂದು ಸರಿಹೊಂದುತ್ತದೆ. ಚಹಾದ ಜೊತೆ ವಡಾಪಾವ್ ಇತ್ತೋ ಇಲ್ಲವೋ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯ.

ಕಾಗದದ ಮೇಲೆ ನಾನು ತಾಯಿ ಎಂದು ಒಂದು ಥರ, ತಾಈ ಎಂದು ಇನ್ನೊಂದು ಥರ ಬರೆಯಬಲ್ಲೆ. ವಾಕಿಟಾಕಿಗೆ ಆ ಅನುಕೂಲವಿಲ್ಲ.

ಆ ದಿನದ ಬಗ್ಗೆ ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಒಂದು ಸಲ ಹೇಳುವಾಗ ತುಂತುರು ಮಳೆ ಸೇರಿಕೊಂಡಿತ್ತು. ಅಂದು ಮಳೆ ಇರಲಿಲ್ಲ. ಊಟದ ಹೊತ್ತು ಮುಗಿದಿತ್ತು, ಹಳಿಗಳ ಮೇಲೆ ಬಿಸಿಲು ಕುಣಿಯುತ್ತಿತ್ತು. ಮೂರನೇ ಹಳಿಯ ಮೇಲೆ ಧಾನ್ಯದ ವ್ಯಾಗನ್‌ಗಳು, ಅವಕ್ಕೆ ಹತ್ತಿದ ನನ್ನ ಎಂಜಿನ್. ಪಕ್ಕದ ನಾಲ್ಕನೇ ಹಳಿಯ ಮೇಲೆ ಕೆಟ್ಟ ವ್ಯಾಗನ್‌ಗಳು, ಅಲ್ಲಿ ಎಂಜಿನ್ ನಡೆಸುತ್ತಿದ್ದವನು ಭೋಸಲೆ. ಯೂನಿಯನ್ನಿನ ಮನುಷ್ಯ, ದೊಡ್ಡ ದನಿಯವನು. ಎರಡೂ ಹಳಿಗಳ ನಡುವಿನ ಓಣಿಯಂಥ ಜಾಗದಲ್ಲಿ ಸುಭಾಷ ನಿಂತಿದ್ದ. ನನ್ನ ಸಾಲಿನ ಹಿಂದೆ ಒಂದಿಷ್ಟು ಜಾಗ ಬಿಟ್ಟು ಇನ್ನೂ ಕೆಲವು ಧಾನ್ಯದ ವ್ಯಾಗನ್‌ಗಳು ನಿಂತಿದ್ದವು. ನಾನು ಹಿಂದಕ್ಕೆ ತಳ್ಳಿ ಅವನ್ನು ಕೂಡಿಸಿಕೊಳ್ಳಬೇಕು.

ಮಾಸ್ತರರು ಹಸಿರು ಬಾವುಟ ಬಿಚ್ಚಿದರು. ವಾಕಿಟಾಕಿಯಲ್ಲಿ ಎಲ್ಲರಿಗೂ ತಿಳಿಯಲೆಂದು ಮರಾಠಿಯಲ್ಲಿ ಹೇಳಿದರು: "ತಾಯಿ ಮಾಗೇ ಯೇತೇ. ಸಾಂಭಾಳಾ." ತಾಯಿ ಹಿಂದೆ ಬರುತ್ತಿದ್ದಾಳೆ, ಹುಷಾರು ಎಂದು. ಇಡೀ ವಾಕ್ಯ ಮರಾಠಿ, ಅದರ ಮೊದಲ ಪದ ಮಾತ್ರ ಕನ್ನಡ.

ಸುಭಾಷ ಹುಷಾರಾದ. ಅದನ್ನೇ ನಾನು ಇಂದಿಗೂ ನುಂಗಿಕೊಳ್ಳಲಾರೆ. ಎಚ್ಚರಿಕೆಯನ್ನು ಅವನು ಕೇಳಿಸಿಕೊಂಡ, ಪಾಲಿಸಿದ. ತಾಈ ಬರುತ್ತಿದ್ದಾಳೆ ಎಂದರೆ ನಾಲ್ಕನೇ ಹಳಿ ಚಲಿಸುತ್ತದೆ ಎಂದರ್ಥ. ಅದರಿಂದ ದೂರ ಸರಿದ. ನಿಂತೇ ಇರುವ ಮೂರನೇ ಹಳಿಯ ಕಡೆ ಕೆಲಸ ಮುಗಿಸಿಬಿಡೋಣ ಎಂದು ಎರಡು ವ್ಯಾಗನ್‌ಗಳ ನಡುವಿನ ಆ ಜಾಗಕ್ಕೆ ಬಾಗಿ, ಜೋತುಬಿದ್ದ ಹವಾ ಪೈಪಿಗೆ ಕೈ ಹಾಕಿದ. ನಾನು ಆಗಲೇ ಹಿಂದಕ್ಕೆ ತಳ್ಳತೊಡಗಿದ್ದೆ. ಎಂಜಿನ್ನಿನಿಂದ ಆ ಜಾಗ ಕಾಣುವುದಿಲ್ಲ, ಕಾಣುವುದು ಬಾವುಟ ಮಾತ್ರ.

ಭೋಸಲೆಗೆ ತನ್ನ ಕಿಟಕಿಯಿಂದ ಸುಭಾಷನ ಟೋಪಿ ಕಂಡು, ಮರುಕ್ಷಣ ಕಾಣದಾಯಿತು. ಹಾರ್ನ್ ಒತ್ತಿ ಹಿಡಿದ. ನಾನು ತಲೆ ಹೊರಹಾಕಿದಾಗ ಮಾಸ್ತರರ ಕೈಯಲ್ಲಿ ಕೆಂಪು ಬಾವುಟವಿತ್ತು. ಅವರು ಓಡುತ್ತಿದ್ದರು. ಬ್ರೇಕು ಹಾಕಿದೆ. ತುಂಬಿದ ಸಾಲು ಎಂಜಿನ್ ನಿಂತ ಮೇಲೂ ತುಸು ಹಿಂದೆ ಸರಿದೇ ನಿಲ್ಲುತ್ತದೆ. ಆ ತುಸುವಿನಲ್ಲಿ ಎರಡು ಕೊಂಡಿಗಳ ನಡುವೆ ಸುಭಾಷನ ಬಲಗೈ ಸಿಕ್ಕಿತು.

ಮಾಸ್ತರರು ನನಗೆ ಮುಂದೆ ಎಳೆಯಲು ಬಾವುಟ ತೋರಿಸಿದರು. ಅವರ ಜೀವನದಲ್ಲೇ ಅದಕ್ಕಿಂತ ನಿಧಾನವಾಗಿ ಬಾವುಟ ಆಡಿಸಿರಲಿಕ್ಕಿಲ್ಲ. ನಾನೂ ಅಷ್ಟೇ ನಿಧಾನವಾಗಿ ಎಳೆದೆ. ತಪ್ಪಿ ಹಿಂದಕ್ಕೆ ಕೂದಲೆಳೆಯಷ್ಟು ಹೋಗಿದ್ದರೂ ಏನಾಗುತ್ತಿತ್ತೆಂದು ಇಬ್ಬರಿಗೂ ಗೊತ್ತಿತ್ತು.

ಜೀವ ಉಳಿಯಿತು. ಬೆರಳುಗಳು ಉಳಿಯಲಿಲ್ಲ, ಹೆಬ್ಬೆರಳೊಂದನ್ನು ಬಿಟ್ಟು.

ವಿಚಾರಣೆ ನಡೆಯುತ್ತದೆ ಎಂದು ತಿಳಿದಾಗ ಭೋಸಲೆ ನಮ್ಮನ್ನೆಲ್ಲ ಸೇರಿಸಿ ಒಂದು ಮಾತು ಕಟ್ಟಿದ. ಅಡ್ಡಹೆಸರಿನ ಮಾತೇ ಎತ್ತಬಾರದು. ಮಾಸ್ತರರು "ಎರಡನೇ ನಂಬರು ಹಿಂದೆ ಬರುತ್ತಿದೆ" ಎಂದರು, ಎಲ್ಲರಿಗೂ ಹಾಗೇ ಕೇಳಿಸಿತು. ವಾಕಿಟಾಕಿಯ ಮಾತು ಎಲ್ಲಿಯೂ ದಾಖಲಾಗುವುದಿಲ್ಲ. ಮಾಸ್ತರರ ನಿವೃತ್ತಿ ಹತ್ತಿರ ಬಂದಿತ್ತು. ನಿಯಮದಲ್ಲಿಲ್ಲದ ಹೆಸರು ಬಳಸಿದ್ದರಿಂದ ಒಬ್ಬನ ಕೈ ಹೋಯಿತು ಎಂದಾದರೆ ಇಷ್ಟು ವರ್ಷದ ನೌಕರಿ ಕೊನೆಗೆ ಮಣ್ಣುಪಾಲು. ಭೋಸಲೆಯ ಮಾತಿನಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಆದರೆ ಅದರ ಇನ್ನೊಂದು ತುದಿ ಎಲ್ಲರಿಗೂ ಕಾಣುತ್ತಿತ್ತು. ಸರಿಯಾದ ನಂಬರು ಕೇಳಿಯೂ ಚಲಿಸುವ ಗಾಡಿಯ ನಡುವೆ ಕೈ ಹಾಕಿದ್ದರೆ ತಪ್ಪು ಸುಭಾಷನದು. ಬೆರಳಿಲ್ಲದ, ತಪ್ಪಿತಸ್ಥ ಪಾಯಿಂಟ್ಸ್‌ಮನ್‌ಗೆ ಬೇರೆ ಕೆಲಸ ಕೊಡಲು ಯಾರಿಗೆ ಮನಸ್ಸು ಬಂದೀತು?

ಮಾಸ್ತರರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ನಾವಿಬ್ಬರೂ ಸುಭಾಷನನ್ನು ನೋಡಲು ಆಸ್ಪತ್ರೆಗೆ ಹೋದೆವು. ಮಾಸ್ತರರು ವಾರ್ಡಿನ ಬಾಗಿಲಲ್ಲೇ ನಿಂತುಬಿಟ್ಟರು. ಒಳಗೆ ಸುಭಾಷನ ಅಕ್ಕ ಅವನಿಗೆ ಅನ್ನ ಕಲಸಿ ತುತ್ತು ಕೊಡುತ್ತಿದ್ದಳು. "ತಾಈ, ಪಾಣೀ," ಎಂದ ಅವನು. ಮಾಸ್ತರರು ಸರಕ್ಕನೆ ಹಿಂದೆ ತಿರುಗಿ ನೋಡಿದರು, ಹಿಂದಿನಿಂದ ಏನೋ ಬರುತ್ತಿರುವವರಂತೆ. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಒಳಗೆ ಹೋಗದೆ ಮೆಟ್ಟಿಲಿಳಿದು ಹೋದರು. ನಾನು ಒಳಗೆ ಹೋಗಿ, ಮಾಸ್ತರರಿಗೆ ಮೈಗೆ ಸರಿಯಿಲ್ಲ ಎಂದೆ.

ವಿಚಾರಣೆಗೆ ಮುನ್ನಿನ ಭಾನುವಾರ ಅವರು ಖಡಕಿಯ ನಮ್ಮ ಮನೆಗೆ ಬಂದರು. ಬಂದವರೇ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಅವರ ಬೋಳು ತಲೆಯನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ನನ್ನ ಹೆಂಡತಿ ಉಪ್ಪಿಟ್ಟು ತಂದಿಟ್ಟಳು. ಅವರು ತಟ್ಟೆ ಮುಟ್ಟಲಿಲ್ಲ.

"ಪಾಟೀಲ್ರ, ಅವತ್ತ ನಿಮಗ ಏನ್ ಕೇಳಿಸ್ತು?"

"ತಾಯಿ ಅಂದ್ರಿ ಮಾಸ್ತರ."

"ನಾ ಅಂದಿದ್ದ ಕೇಳಿಲ್ಲ. ನಿಮ್ಮ ಕಿವಿಗೆ ಏನ್ ಬಿತ್ತು, ಅದನ್ನ ಹೇಳ್ರಿ."

ನಾನು ಮತ್ತೆ ತಾಯಿ ಎಂದೆ. ಕನ್ನಡದ ಕಿವಿಗೆ ಬೇರೇನು ಬಿದ್ದೀತು? ಆ ದನಿ ನನಗೆ ಈಗಲೂ ಕೇಳಿಸುತ್ತದೆ, ಅದರ ಗರಗರ ಸಹಿತ. ಆದರೆ ಅದರೊಳಗೆ ಯಾವ ಅಕ್ಷರವಿತ್ತು ಎಂದು ಹುಡುಕಲು ಹೋದರೆ ನನ್ನದೇ ಕನ್ನಡ ಅಡ್ಡ ಬಂದು ನಿಲ್ಲುತ್ತದೆ. ಇದನ್ನು ಅವರಿಗೆ ಹೇಳಿದೆ. ಅವರು ಅದೇ ಬೇಕಿತ್ತು ಎಂಬಂತೆ ತಲೆಯಾಡಿಸಿದರು.

ನನ್ನ ಹೆಂಡತಿಗೆ ಸುಮ್ಮನಿರಲು ಆಗಲಿಲ್ಲ. "ಸಿಟ್ಟಾಗಬ್ಯಾಡ್ರಿ ಮಾಸ್ತರ. ಎಳಿಯೋರು ಗಂಡಸ್ರು, ದೂಡೋರು ಗಂಡಸ್ರು. ಆ ಕಬ್ಬಿಣಕ್ಕ ಹೆಂಗಸರನ್ಯಾಕ ತಂದು ಕಟ್ಟಿದ್ರಿ?"

ನಾನು ಅವಳ ಕಡೆ ಕಣ್ಣು ಬಿಟ್ಟೆ. ಮಾಸ್ತರರು ಮಾತ್ರ ಬಹಳ ದಿನದಿಂದ ಯಾರಾದರೂ ಕೇಳಲಿ ಎಂದು ಕಾದಿದ್ದವರಂತೆ ನಿಧಾನವಾಗಿ ಹೇಳಿದರು.

"ಬೈಗಳ ನಿಂದ್ರಸಾಕ ಆ ಹೆಸರು ಇಟ್ಟಿದ್ದು, ಅಕ್ಕಾರ. ನಾ ಬಂದಾಗ ಈ ಯಾರ್ಡಿನ್ಯಾಗ ಕಿವಿ ಇಡಾಕ ಆಗ್ತಿದ್ದಿಲ್ಲ. ಗಾಡಿ ತಡಾ ಆದ್ರ ಅದರ ತಾಯಿಗೆ ಬೈಯೂದು, ಕೊಂಡಿ ಬೀಳದಿದ್ರ ಅದರ ಅಕ್ಕಗ ಬೈಯೂದು. ನಂಬರಿಗೆ ಏನ್ ಮರ್ಯಾದಿ ಅದರೀ, ಯಾರರ ಏನರ ಅಂತಾರ. ಗಾಡೀನ ತಾಯಿ ಅಂದಮ್ಯಾಲ ಬೈಯಾಕ ನಾಲಗಿ ಏಳಲಿಲ್ಲ."

ಇದು ನಿಜವಾದ ಕಾರಣವೋ, ಆ ಕ್ಷಣದಲ್ಲಿ ಅವರಿಗೆ ಬೇಕಾದ ಕಾರಣವೋ ನಾನು ತೀರ್ಮಾನಿಸಲಾರೆ. ನಮ್ಮ ಯಾರ್ಡಿನಲ್ಲಿ ಗಾಡಿಗಳಿಗೆ ಯಾರೂ ಬೈಯುತ್ತಿರಲಿಲ್ಲ ಎಂಬುದು ಮಾತ್ರ ಖರೆ. ಮನುಷ್ಯರಿಗೆ ಬೈಯುತ್ತಿದ್ದೆವು, ಗಾಡಿಗೆ ಇಲ್ಲ. ಅದು ನನ್ನ ಗಮನಕ್ಕೆ ಬಂದದ್ದೇ ಅಂದು.

"ಮಂಗಳವಾರ ಏನ್ ಹೇಳ್ತೀರಿ?" ಎಂದು ಕೇಳಿದೆ.

"ನಿಮ್ಮ ಉಪ್ಪಿಟ್ಟು ಆರಿ ಹೋತು," ಎಂದು ತಟ್ಟೆ ಎತ್ತಿಕೊಂಡರು. ಪೂರ್ತಿ ತಿಂದರು. ಹೋಗುವಾಗ ಭೋಸಲೆ ಹೇಳಿದಂತೆ ಹೇಳುವುದಾಗಲಿ, ಹೇಳದಿರುವುದಾಗಲಿ ಏನೂ ಸೂಚಿಸಲಿಲ್ಲ. ನಾನು ಏನು ಹೇಳಬೇಕೆಂದೂ ಹೇಳಲಿಲ್ಲ. ಎರಡು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಂಬರು ಕೇಳಿಸಿತು ಎಂದರೆ ಸುಭಾಷ ಹೋದ. ತಾಯಿ ಕೇಳಿಸಿತು ಎಂದರೆ ಮಾಸ್ತರರು ಹೋದರು.

ವಿಚಾರಣೆಯ ಅಧಿಕಾರಿ ಬೇರೆ ಊರಿನಿಂದ ಬಂದಿದ್ದರು. ಮರಾಠಿಯವರು, ಮೃದು ಮಾತಿನವರು. ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರು. ಸುಭಾಷ ಕೈಗೆ ದಪ್ಪ ಬ್ಯಾಂಡೇಜು ಸುತ್ತಿಕೊಂಡು ಗೋಡೆಗೆ ಒರಗಿದ್ದ. ಮೊದಲು ಭೋಸಲೆ, ಗಂಟಲು ಸರಿಮಾಡಿಕೊಂಡು, ಎರಡನೇ ನಂಬರು ಎಂದು ಹೇಳಿ ಮುಗಿಸಿದ. ಸುಭಾಷ ತಲೆ ಎತ್ತಿ ಅವನನ್ನು ನೋಡಿದ, ನೋಡುತ್ತಲೇ ಇದ್ದ. ಭೋಸಲೆ ಕಿಟಕಿಯ ಕಡೆ ಮುಖ ಮಾಡಿದ. ಅಧಿಕಾರಿ ನನ್ನ ಕಡೆ ತಿರುಗಿ, ನೀವು ಕೇಳಿಸಿಕೊಂಡದ್ದೇನು ಎಂದರು. ನಾನು ಬಾಯಿ ತೆರೆಯುವ ಮೊದಲೇ ಮಾಸ್ತರರು ಎದ್ದು ನಿಂತರು.

ಅವರನ್ನು ಕೇಳಬೇಡಿ, ಮಾತಾಡಿದವನು ನಾನು, ನಾನು ನಂಬರು ಹೇಳಲಿಲ್ಲ, ತಾಯಿ ಅಂದೆ ಎಂದರು.

ಅಧಿಕಾರಿಗೆ ಅರ್ಥವಾಗಲಿಲ್ಲ. ಮಾಸ್ತರರು ಮೂರು ಹೆಸರುಗಳನ್ನೂ ಹೇಳಿದರು: ಎಣ್ಣೆಯದು ಆಯಿ, ಧಾನ್ಯದ್ದು ತಾಯಿ, ಕೆಟ್ಟ ವ್ಯಾಗನ್‌ಗಳದ್ದು ಅಕ್ಕ. ತಾಯಿ ಎಂದರೆ ಏನು ಎಂದು ಅಧಿಕಾರಿ ಕೇಳಿದರು. ಮರಾಠಿಯಲ್ಲಿ ಆಈ, ಎಂದರು ಮಾಸ್ತರರು. ಆಈ ಎಣ್ಣೆಯ ಗಾಡಿ ಎಂದು ಈಗಷ್ಟೇ ಹೇಳಿದಿರಲ್ಲ ಎಂದರು ಅಧಿಕಾರಿ. ಅದು ಆಯಿ ಸಾಹೇಬರೇ, ಅದು ನಿಮ್ಮ ಆಜಿ. ಹಾಗಾದರೆ ತಾಈ ಯಾರು? ತಾಈ ಅಂದರೆ ನಮ್ಮ ಅಕ್ಕ. ಅಂದರೆ ನೀವು ಕರೆದದ್ದು ಕೆಟ್ಟ ವ್ಯಾಗನ್‌ಗಳ ಗಾಡಿಯನ್ನು. ಅಲ್ಲ, ಧಾನ್ಯದ ಗಾಡಿಯನ್ನು. ಅಧಿಕಾರಿ ಬರೆದದ್ದನ್ನು ಹೊಡೆದುಹಾಕಿದರು, ಮತ್ತೆ ಬರೆದರು, ಮತ್ತೆ ಹೊಡೆದುಹಾಕಿದರು. ಕೊನೆಗೆ ಪೆನ್ನು ಕೆಳಗಿಟ್ಟರು. ಬೇರೆ ಸಂದರ್ಭದಲ್ಲಾದರೆ ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು.

ಮಾಸ್ತರರು ಆ ಪೆನ್ನನ್ನೇ ನೋಡುತ್ತ ಹೇಳಿದರು. ಅವರು ಹೇಳಿದ್ದು ಮರಾಠಿಯಲ್ಲಿ. ನನ್ನಲ್ಲಿ ಅದು ಕನ್ನಡವಾಗಿಯೇ ಉಳಿದುಕೊಂಡಿದೆ, ಪ್ರತಿ ಸಲ ಹೇಳುವಾಗ ಸ್ವಲ್ಪ ಹೆಚ್ಚು ನುಣುಪಾಗುತ್ತದೆ ಎಂಬ ಅನುಮಾನವೂ ಇದೆ.

"ನಿಮಗ ಇಲ್ಲಿ ಫ್ಯಾನಿನ ಬುಡಕ ಕುಂತಲ್ಲೇ ಗೊತ್ತಾಗವಲ್ದು ಸಾಹೇಬ್ರ. ಅವಗ ಅಲ್ಲಿ ಗಾಡಿ ಮಗ್ಗಲದಾಗ ಹೆಂಗ ಗೊತ್ತಾಗಬೇಕ್ರಿ? ಅವಗ ಅರ್ಥ ಹೇಳಿಕೊಟ್ಟಾಂವನೂ ನಾನ. ಅಂವಾ ನನ್ನ ಮಾತು ಕೇಳಿದ. ಕೇಳಿದ್ದಕ್ಕ ಕೈ ಹೋತು."

ಸುಭಾಷ ಅಳತೊಡಗಿದ. ಅಧಿಕಾರಿ ನನ್ನನ್ನು ಮತ್ತೆ ಏನೂ ಕೇಳಲಿಲ್ಲ.

ಸುಭಾಷನ ಮೇಲೆ ತಪ್ಪು ಹೊರಿಸಲಿಲ್ಲ. ಕೈ ಮಾಗಿದ ಮೇಲೆ ಯಾರ್ಡಿನ ಕ್ಯಾಬಿನ್ನಿನಲ್ಲಿ ಕೂತು ವಾಕಿಟಾಕಿಯಲ್ಲಿ ಗಾಡಿಗಳಿಗೆ ಹೇಳುವ ಕೆಲಸ ಕೊಟ್ಟರು. ಮಾಸ್ತರರನ್ನು ಹಳಿಗಳಿಂದ ತೆಗೆದು, ದರ್ಜೆ ಇಳಿಸಿ, ನಿವೃತ್ತಿಯವರೆಗೆ ಗೂಡ್ಸ್ ಆಫೀಸಿನ ಮೂಲೆಯಲ್ಲಿ ಕೂರಿಸಿದರು. ಅಡ್ಡಹೆಸರು ಬಳಸಕೂಡದು ಎಂದು ಆದೇಶ ಬಂತು. ಅವಧಿ ಮುಗಿದ ದಿನ ಅವರು ಬೀಳ್ಕೊಡುಗೆ ಬೇಡ ಎಂದರು, ಹಾರ ಬೇಡ ಎಂದರು, ಹೇಳದೆ ಕೇಳದೆ ಮಿರಜ್‌ಗೆ ಹೋದರು. ಅಂದು ನನಗೆ ಬೆಳಗಿನ ಡ್ಯೂಟಿ ಇತ್ತು, ಕಾಣಲಿಲ್ಲ. ಆಮೇಲೆ ಫೋನು ಮಾಡಿದರೆ ಎತ್ತಲಿಲ್ಲ. ಹಾಗಾಗಿ ನನ್ನ ಪಾಲಿಗೆ ಕೊನೆಯ ಭೇಟಿ ಎಂದರೆ ಅದಕ್ಕೆ ಕೆಲವು ವಾರ ಮೊದಲಿನದು. ಅದರಲ್ಲಿ ನಾನು ಅವರ ಮುಖ ನೋಡಲಿಲ್ಲ.

ಸುಭಾಷ ಕ್ಯಾಬಿನ್ನಿಗೆ ಬಂದು ಕೂತ ಮೊದಲ ದಿನ ಅದು. ಆದೇಶ ಬಂದಿದ್ದರೂ ನಾವು ಹಳೆಯ ಹೆಸರುಗಳನ್ನು ಬಿಟ್ಟಿರಲಿಲ್ಲ. ಅಭ್ಯಾಸ ಅರ್ಧ, ಮಾಸ್ತರರ ಮೇಲಿನ ಅಭಿಮಾನ ಅರ್ಧ. ಭೋಸಲೆಯದು ಎಲ್ಲರಿಗಿಂತ ಹೆಚ್ಚು. ವಿಚಾರಣೆಯಲ್ಲಿ ನುಂಗಿದ ಹೆಸರನ್ನು ಈಗ ಬೇಕೆಂದೇ ಗಟ್ಟಿಯಾಗಿ ಹೇಳುತ್ತಿದ್ದ. ಅಂದು ಅವನು ಟ್ಯಾಂಕರ್ ಸಾಲಿನ ಮೇಲಿದ್ದ, ನಾನು ಧಾನ್ಯದ ಗಾಡಿಯ ಮೇಲೆ. "ಆಯಿ ನಿಘಾಲಿ," ಹೊರಟಳು ಎಂದು ವಾಕಿಟಾಕಿಯಲ್ಲಿ ಕೂಗಿದ.

ಕ್ಯಾಬಿನ್ನಿನಿಂದ ಸುಭಾಷನ ದನಿ ಬಂತು. "ಕುಠಲೀ?" ಯಾವುದು ಎಂದು. ಆ ದನಿ ನಡುಗುತ್ತಿತ್ತು. ಭೋಸಲೆ ಮತ್ತೆ ಅದೇ ಹೆಸರು ಹೇಳಿದ. ಸುಭಾಷ ಮತ್ತೆ ಕುಠಲೀ ಎಂದ. ನನ್ನ ಎಂಜಿನ್ ನಿಂತಿತ್ತು, ಹಿಂದಕ್ಕೆ ತಳ್ಳಲು ಅಪ್ಪಣೆ ಬೇಕಿತ್ತು. ಹಳಿಗಳ ಮೇಲೆ ಅಲ್ಲಲ್ಲಿ ಆಳುಗಳು ಕೆಲಸ ಮಾಡುತ್ತಿದ್ದರು. ಯಾವ ಗಾಡಿ ಚಲಿಸುತ್ತದೆಂದು ತಿಳಿಯದೆ ಒಬ್ಬೊಬ್ಬರೇ ನೆಟ್ಟಗೆ ನಿಂತು ಎರಡೂ ಕಡೆ ನೋಡತೊಡಗಿದರು.

ಆಗ ಮೂರನೆಯ ಒಂದು ದನಿ ಸೇರಿಕೊಂಡಿತು. ಗೂಡ್ಸ್ ಆಫೀಸಿನಲ್ಲಿಯೂ ಒಂದು ಸೆಟ್ಟು ಇರುತ್ತದೆ, ಅದನ್ನು ಯಾರೂ ಬಳಸುವುದಿಲ್ಲ.

"ಈರಪ್ಪ ಮಾತಾಡಾಕತ್ತೀನಿ. ಎಲ್ಲಾರೂ ಕೇಳ್ರಿ. ಈ ಯಾರ್ಡಿನ್ಯಾಗ ಆಯಿ ಇಲ್ಲ. ತಾಯಿ ಇಲ್ಲ. ಅಕ್ಕ ಇಲ್ಲ. ಒಂದು, ಎರಡು, ಮೂರು ಅದಾವ. ನಿಮ್ಮ ನಂಬರ್ ಹೇಳ್ರಿ."

ಅದನ್ನೇ ಮರಾಠಿಯಲ್ಲಿ ಹೇಳಿದರು, ಆಮೇಲೆ ಹಿಂದಿಯಲ್ಲಿ. ಮೂರು ಸಲವೂ ಅದೇ ಕ್ರಮದಲ್ಲಿ, ದನಿ ಎತ್ತದೆ, ತಗ್ಗಿಸದೆ.

ಕೊನೆಗೆ ಭೋಸಲೆ "ಏಕ್" ಎಂದ. ರಿಪೇರಿ ಹಳಿಯ ಕಡೆಯಿಂದ ಯಾರೋ "ತೀನ್" ಎಂದರು. ಉಳಿದವನು ನಾನು. ಗುಂಡಿ ಒತ್ತಿದೆ. ಬಾಯಿಗೆ ಬಂದದ್ದನ್ನು ತಡೆದು ಗುಂಡಿ ಬಿಟ್ಟೆ. ಮತ್ತೆ ಒತ್ತಿ "ದೋನ್" ಎಂದೆ.

ಅವರು ಏನಾದರೂ ಅನ್ನಲಿ ಎಂದು ಕಾದೆ. ಆ ಸೆಟ್ಟು ಮತ್ತೆ ಮಾತಾಡಲಿಲ್ಲ.

"ದೋನ್ ನಂಬರ್, ಮಾಗೇ ಯಾ," ಎಂದ ಸುಭಾಷ. ಈ ಸಲ ದನಿ ಸ್ಥಿರವಾಗಿತ್ತು. ನಾನು ಕಿಟಕಿಯಿಂದ ತಲೆ ಹೊರಹಾಕಿ ನೋಡಿದೆ. ಸಾಲಿನುದ್ದಕ್ಕೂ ಎಲ್ಲರೂ ಹಳಿಯಿಂದ ದೂರ ನಿಂತು ನನ್ನ ಕಡೆಯೇ ನೋಡುತ್ತಿದ್ದರು. ಹಿಂದಕ್ಕೆ ಬಿಟ್ಟೆ.